ಮಗಳು ಕ್ಯಾಂಪಿಗೆ ಹೋಗ್ತಾಳಂತೆ

ಒಂದು ಸಂಜೆ ನಮ್ಮ ಓಣಿಯ ಅಕ್ಕ ಒಬ್ಬರು ಕಾಗದ ಹಿಡಿದು ಬಂದರು. ಅದು ಅವರ ಮಗಳ ಕಾಲೇಜಿನ ಕಾಗದ. ಅಕ್ಕ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ತಾವೇ ಓದಿದ್ದರು. ‘ಎನ್.ಸಿ.ಸಿ. ಕ್ಯಾಂಪ್. ಹತ್ತು ದಿನ. ತಂದೆ ಅಥವಾ ತಾಯಿಯ ಸಹಿ’ ಎಂದು ಅದರಲ್ಲಿತ್ತು.

“ಬಂದೂಕು ಕೊಡ್ತಾರಂತೆ ಕಣೇ. ನಾಳೆ ಯುದ್ಧ ಬಂದ್ರೆ ಮಗೂನ ಎಳ್ಕೊಂಡು ಹೋಗಲ್ವಾ? ಹತ್ತು ದಿನ ಅವಳು ಎಲ್ಲಿ ಮಲಗ್ತಾಳೆ?” ಅಂದರು. ಸಹಿ ಮಾಡೋಕೆ ಅವರಿಗೆ ಕೈ ಬರಲಿಲ್ಲ.

ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆಯೇ. ತಾಯಿ ಅಂದಮೇಲೆ ಕೇಳಲೇಬೇಕು.

ಎನ್.ಸಿ.ಸಿ. ಅಂದರೆ ನ್ಯಾಷನಲ್ ಕೆಡೆಟ್ ಕೋರ್. ಇದು ಶಾಲೆ ಕಾಲೇಜಿನ ಮಕ್ಕಳ ದಳ. 1948ರಲ್ಲಿ ಇದಕ್ಕಾಗಿ ಒಂದು ಕಾನೂನು ಆಯಿತು. ಮರುವರ್ಷ, 1949ರಲ್ಲಿ, ಹುಡುಗಿಯರ ವಿಭಾಗವೂ ಶುರುವಾಯಿತು. ದಳಕ್ಕೆ ಸೇರಿದ ವಿದ್ಯಾರ್ಥಿಗೆ ಕೆಡೆಟ್ ಅನ್ನುತ್ತಾರೆ. ಕೆಡೆಟ್ ಆದ ಮಾತ್ರಕ್ಕೆ ಯಾರನ್ನೂ ಯುದ್ಧದ ಸೇವೆಗೆ ಕರೆಯುವಂತಿಲ್ಲ. ಆ ಕಾನೂನೇ ಹಾಗೆ ಹೇಳುತ್ತದೆ. ಇದನ್ನು ಕೇಳಿ ಅಕ್ಕನಿಗೆ ಅರ್ಧ ಜೀವ ಬಂತು.

“ಮತ್ತೆ ಬಂದೂಕು?”

ಬಂದೂಕು ಉಂಟು. ಸಣ್ಣ ಗುಂಡಿನ ರೈಫಲ್ಲಿನಲ್ಲಿ ಗುರಿ ಇಡುವುದನ್ನು ಕಲಿಸುತ್ತಾರೆ. ಸೈನ್ಯದವರು ಪಕ್ಕದಲ್ಲೇ ನಿಂತಿರುತ್ತಾರೆ. ಖಾಕಿ ಬಟ್ಟೆ, ಬೂಟು, ಸಾಲಾಗಿ ನಡೆಯುವ ಕವಾಯತು, ಇದೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಬೇರೆಯೇ.

ಕ್ಯಾಂಪಿನ ವಿಷಯವನ್ನೇ ನೋಡಿ. ಹುಡುಗಿಯರಿಗೆ ಉಳಿಯಲು ಬೇರೆ ಜಾಗ ಇರುತ್ತದೆ. ಅವರ ಜೊತೆಗೆ ಶಿಕ್ಷಕಿಯರು, ಮಹಿಳಾ ಅಧಿಕಾರಿಗಳು ಇರುತ್ತಾರೆ. ಬೆಳಕು ಹರಿಯುವ ಮೊದಲೇ ಏಳಬೇಕು. ತನ್ನ ಹಾಸಿಗೆ ತಾನೇ ಮಡಿಸಬೇಕು, ತನ್ನ ತಟ್ಟೆ ತಾನೇ ತೊಳೆಯಬೇಕು. ನಕ್ಷೆ ನೋಡಿ ದಾರಿ ಹುಡುಕುವುದನ್ನು ಕಲಿಸುತ್ತಾರೆ. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸುತ್ತಾರೆ. ಕೆಲವು ಕ್ಯಾಂಪುಗಳಿಗೆ ಬೇರೆ ಬೇರೆ ರಾಜ್ಯದ ಮಕ್ಕಳು ಬರುತ್ತಾರೆ. ನಮ್ಮ ಹುಡುಗಿಯ ಪಕ್ಕದಲ್ಲಿ ಅಸ್ಸಾಮಿನ ಹುಡುಗಿ ಮಲಗಿರಬಹುದು. ಇವಳ ಮಾತು ಅವಳಿಗೆ ಬಾರದು, ಅವಳ ಮಾತು ಇವಳಿಗೆ ಬಾರದು. ಮೊದಲು ಕೈಸನ್ನೆ, ಆಮೇಲೆ ಹರಕುಮುರಕು ಹಿಂದಿ, ಕೊನೆಗೆ ಹಾಡು. ರಾತ್ರಿ ಎಲ್ಲರೂ ತಮ್ಮ ತಮ್ಮ ಊರಿನ ಹಾಡು, ಕುಣಿತ ತೋರಿಸುತ್ತಾರೆ.

ಮಕ್ಕಳಲ್ಲೇ ಕೆಲವರಿಗೆ ಸಾರ್ಜೆಂಟ್, ಅಂಡರ್ ಆಫೀಸರ್ ಅಂತ ಹುದ್ದೆ ಕೊಡುತ್ತಾರೆ. ಹತ್ತೊಂಬತ್ತರ ಹುಡುಗಿ ತನ್ನ ಓರಗೆಯವರನ್ನು ಸಾಲು ನಿಲ್ಲಿಸುತ್ತಾಳೆ. ಯಾರಿಗೆ ಜ್ವರ, ಯಾರು ಊಟ ಬಿಟ್ಟರು ಅಂತ ವಿಚಾರಿಸುತ್ತಾಳೆ. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾಳೆ. ನನ್ನ ಕೇಳಿದರೆ, ಕವಾಯತಿಗಿಂತ ಇದೇ ದೊಡ್ಡ ಪಾಠ.

ಊರಿನ ಕೆಲಸವೂ ಇದೆ. ಗಿಡ ನೆಡುತ್ತಾರೆ, ರಕ್ತದಾನ ಮಾಡುತ್ತಾರೆ. 1965 ಮತ್ತು 1971ರ ಯುದ್ಧಗಳ ಕಾಲದಲ್ಲಿ ಕೆಡೆಟ್‌ಗಳು ಊರೊಳಗಿನ ರಕ್ಷಣೆಗೆ, ರಸ್ತೆಯ ಸಂಚಾರ ನೋಡಿಕೊಳ್ಳಲು ನೆರವಾಗಿದ್ದರು. 2020ರಲ್ಲಿ ಕೊರೊನಾ ಬಂತಲ್ಲ, ನೆನಪಿದೆಯಾ? ಆಗ 18 ವರ್ಷ ತುಂಬಿದ ಕೆಡೆಟ್‌ಗಳು ತಾವಾಗಿ ಮುಂದೆ ಬಂದರು. ಸಾಲಿನಲ್ಲಿ ನಿಂತ ಜನರಿಗೆ ದೂರ ದೂರ ನಿಲ್ಲಲು ಹೇಳಿದರು. ರೇಷನ್ ಹಂಚಲು ನೆರವಾದರು. 2021ರ ಕೊನೆಯಲ್ಲಿ ಕಡಲತೀರದ ಪ್ಲಾಸ್ಟಿಕ್ ಹೆಕ್ಕುವ ಕೆಲಸವನ್ನೂ ಎನ್.ಸಿ.ಸಿ. ಕೈಗೆತ್ತಿಕೊಂಡಿತು.

ಇನ್ನೊಂದು ಸಂಗತಿ ಹೇಳಿದೆ. ಅಕ್ಕ ಬಾಯಿ ಮೇಲೆ ಬೆರಳಿಟ್ಟರು. 2025ರ ಮೇ 18ರಂದು ಎನ್.ಸಿ.ಸಿ.ಯ ಹತ್ತು ಕೆಡೆಟ್‌ಗಳು ಎವರೆಸ್ಟ್ ಶಿಖರ ಹತ್ತಿದರು. ಲೋಕದಲ್ಲೇ ಅತಿ ಎತ್ತರದ ಬೆಟ್ಟ ಅದು. ಹತ್ತರಲ್ಲಿ ಐವರು ಹುಡುಗಿಯರು!

“ಇದರಿಂದ ಕೆಲಸ ಗಿಲಸ ಸಿಗುತ್ತಾ?”

ಬರೀ ಇದರಿಂದಲೇ ಸಿಗೋದಿಲ್ಲ. ಶಾಲೆಯಲ್ಲಿ ಎರಡು ವರ್ಷಕ್ಕೆ ‘ಎ’ ಸರ್ಟಿಫಿಕೇಟು. ಕಾಲೇಜಿನಲ್ಲಿ ‘ಬಿ’, ಆಮೇಲೆ ‘ಸಿ’. ಪರೀಕ್ಷೆ ಪಾಸಾದರೆ ಮಾತ್ರ ಇವು ಸಿಗುತ್ತವೆ. ‘ಸಿ’ ಇದ್ದು, ಡಿಗ್ರಿಯಲ್ಲೂ ಒಳ್ಳೆಯ ಅಂಕ ಇದ್ದರೆ ಸೈನ್ಯದ ಅಧಿಕಾರಿ ಆಗಲು ಒಂದು ಬೇರೆ ದಾರಿ ಇದೆ. ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಆದರೆ ಸಂದರ್ಶನ ದಿನಗಟ್ಟಲೆ ನಡೆಯುತ್ತದೆ, ಕಷ್ಟದ್ದು. ಪಾಸಾದವರಿಗೆ ಚೆನ್ನೈನಲ್ಲಿ ತರಬೇತಿ. ಅಲ್ಲಿ 1992ರಿಂದ ಹೆಣ್ಣುಮಕ್ಕಳೂ ಕಲಿಯುತ್ತಿದ್ದಾರೆ. ಸೈನ್ಯ ಬೇಡ ಅಂದವರು ಬಿಡಬಹುದು, ಬಲವಂತ ಇಲ್ಲ.

ಕಷ್ಟ ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಹೊಸ ಬೂಟು ಕಾಲು ಕಚ್ಚುತ್ತದೆ. ಬಿಸಿಲಲ್ಲಿ ನಿಂತು ತಲೆ ಸುತ್ತಬಹುದು. ಮುಟ್ಟಾದಾಗ ಸುಮ್ಮನಿರದೆ ಶಿಕ್ಷಕಿಗೆ ಹೇಳು ಅಂತ ಮಗಳಿಗೆ ಮೊದಲೇ ತಿಳಿಸಿಡಬೇಕು. ಕ್ಯಾಂಪು ಯಾವ ಊರಲ್ಲಿ? ಜೊತೆಗೆ ಬರುವ ಶಿಕ್ಷಕಿ ಯಾರು? ಅವರ ಫೋನ್ ನಂಬರ್ ಏನು? ಇಷ್ಟನ್ನು ಕೇಳಿ ಬರೆದುಕೊಳ್ಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಅಕ್ಕ ಮರುದಿನ ಕಾಲೇಜಿಗೆ ಹೋಗಿ ಬಂದರು. ನಂಬರನ್ನು ತಮ್ಮ ಕೈಯಲ್ಲೇ ಕಾಪಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಆಮೇಲೆ ಕಾಗದವನ್ನು ಮಣೆಯ ಮೇಲಿಟ್ಟು ನಿಧಾನವಾಗಿ ಸಹಿ ಮಾಡಿದರು. ಎರಡನೇ ಅಕ್ಷರ ಸ್ವಲ್ಪ ಓರೆ ಆಯಿತು.

“ಬೆಳಗಿನ ಜಾವ ಚಳಿ ಇರುತ್ತೇನೋ, ಆ ದಪ್ಪ ಕಂಬಳಿ ಕಳಿಸ್ಲಾ?” ಅಂತ ಕೇಳಿದರು.