ಹುಳ ಸಾಕುವ ಅವ್ವ, ಕೋಶ ಸಾಕುವ ಮಗಳು

ನಂಜನಗೂಡಿನ ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಕಣ್ಣಳತೆಯಲ್ಲೇ ಇರುವ ಹಳ್ಳಿಯೊಂದರಲ್ಲಿ ನನ್ನನ್ನು ತಡೆದದ್ದು ಒಂದು ಗೋಣಿಚೀಲ. ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿ ಹುಳುಮನೆಯ ಹೊಸ್ತಿಲಿಗೆ ಹಾಸಿದ್ದರು. "ಕಾಲು ಒರೆಸ್ಕಂಡು ಬನ್ನಿ ಸಾ, ಹುಳ ನಾಕನೇ ಜ್ವರ ಎದ್ದವೆ" ಎಂದರು ಒಳಗಿದ್ದ ಅವ್ವ. ಜ್ವರ ಎಂದರೆ ಹುಳು ಪೊರೆ ಕಳಚುವ ಹೊತ್ತು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಾವಿರಾರು ಹುಳು ಮೇಯುವ ಸದ್ದು ಜಿಟಿಜಿಟಿ ಮಳೆಯಂತೆ ಕೇಳುತ್ತಿತ್ತು.

ನಾನು ಬಂದದ್ದು ಹುಳು ನೋಡಲಿಕ್ಕಲ್ಲ, ರಜೆಗೆ ಊರಿಗೆ ಬಂದಿದ್ದ ಮಗಳನ್ನು ಮಾತಾಡಿಸಲಿಕ್ಕೆ. ಆಕೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವೈರಸ್ಸಿನ ಔಷಧ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಗೋಣಿಚೀಲ ನೋಡಿ ನಕ್ಕಳು. "ನಮ್ಮ ಲ್ಯಾಬಲ್ಲೂ ಇದೇ ಸರ್. ಅಲ್ಲಿ ಕೈಗೆ ಸ್ಪಿರಿಟ್ಟು, ಇಲ್ಲಿ ಕಾಲಿಗೆ ಬ್ಲೀಚಿಂಗು."

ಔಷಧದ ನಂಟು ಈ ಸೀಮೆಗೆ ಹೊಸದಲ್ಲ. ಆ ಚರಿತ್ರೆಯನ್ನು ನನಗೆ ಹೇಳಿದವರು ನಂಜನಗೂಡಿನ ಹಳೆಯ ಅಂಗಡಿಯ ಯಜಮಾನರೊಬ್ಬರು. ಅವರ ಲೆಕ್ಕದಲ್ಲಿ ಇಲ್ಲಿನ ಮೊದಲ ವೈದ್ಯ ಶ್ರೀಕಂಠೇಶ್ವರನೇ. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಸುಲ್ತಾನ ಪಚ್ಚೆಲಿಂಗ ಕೊಟ್ಟು 'ಹಕೀಮ್ ನಂಜುಂಡ' ಎಂದು ಕರೆದ ಕತೆ ಇಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಆಮೇಲೆ 1913ರಲ್ಲಿ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಮತ್ತು ಅದರ ಗುಲಾಬಿ ಬಣ್ಣದ ಹಲ್ಲುಪುಡಿ. ಅದಾದ ಮೇಲೆ ಬಂದವು ಮೂಲ ಔಷಧ ತಯಾರಿಸುವ ಕಾರ್ಖಾನೆಗಳು. ನಡುವಿನ ದಶಕಗಳನ್ನು ಯಜಮಾನರು ಒಂದು ಕೈಬೀಸಿನಲ್ಲಿ ದಾಟಿಬಿಟ್ಟರು. ಲ್ಯಾಟಿನ್ನಿನಲ್ಲಿ ವೈರಸ್ ಎಂದರೆ ನಂಜು ಎಂದೇ ಅರ್ಥ ಎಂದು ನಾನು ಹೇಳಿದಾಗ ಮಾತ್ರ ಅವರಿಗೆ ಬಹಳ ಖುಷಿಯಾಯಿತು. "ಹಾಗಾದರೆ ಅದನ್ನು ಉಂಡವನು ನಮ್ಮೂರಲ್ಲೇ ಇದ್ದಾನೆ ನೋಡಿ."

ಮಗಳ ಕೆಲಸಕ್ಕೆ ಬರೋಣ. ಬ್ಯಾಕ್ಟೀರಿಯಾವನ್ನು ಅನ್ನ ಹಾಕಿ ಬೆಳೆಸಬಹುದು, ವೈರಸ್ಸನ್ನು ಹಾಗೆ ಬೆಳೆಸಲಾಗದು. ಅದಕ್ಕೆ ಜೀವಂತ ಕೋಶವೇ ಬೇಕು. ಆದ್ದರಿಂದ ಇವಳ ದಿನದ ಬಹುಪಾಲು ಹೋಗುವುದು ಕೋಶ ಸಾಕುವುದರಲ್ಲಿ. 37 ಡಿಗ್ರಿ ಕಾವು, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್, ಎರಡು ಮೂರು ದಿನಕ್ಕೊಮ್ಮೆ ಹೊಸ ಪೋಷಕದ್ರವ. ಬುಡ್ಡಿ ತುಂಬಿದರೆ ಬಿಡಿಸಿ ಬೇರೆ ಬುಡ್ಡಿಗಳಿಗೆ ಹಂಚಬೇಕು. "ಹುಳ ದಟ್ಟವಾದ್ರೆ ತಟ್ಟೆ ಬಿಡಿಸಲ್ವಾ ಅವ್ವ, ಹಂಗೇ" ಎಂದು ಆಕೆ ತಾಯಿಗೆ ವಿವರಿಸುತ್ತಿದ್ದಳು. ಅವ್ವ ಸೊಪ್ಪು ಹಾಕುತ್ತಲೇ ತಲೆಯಾಡಿಸಿದರು.

ಹೆಚ್ಚಾಗಿ ಬಳಸುವುದು ವೀರೋ ಕೋಶಗಳನ್ನು. 1962ರಲ್ಲಿ ಜಪಾನಿನ ಚೀಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ತೆಗೆದವು. ಅವುಗಳ ಸಂತತಿ ಇಂದಿಗೂ ಲೋಕದ ಲ್ಯಾಬುಗಳಲ್ಲಿ ಬೆಳೆಯುತ್ತಿದೆ. ಎಸ್ಪೆರಾಂಟೊ ಭಾಷೆಯಲ್ಲಿ 'ವೀರೋ' ಎಂದರೆ ಸತ್ಯ. ಆ ಸತ್ಯವೂ ಒಮ್ಮೆ ಕೈಕೊಟ್ಟಿತು. ಕೊರೋನಾ ಕಾಲದಲ್ಲಿ ಕ್ಲೋರೋಕ್ವಿನ್ ಈ ಕೋಶಗಳಲ್ಲಿ ವೈರಸ್ಸನ್ನು ತಡೆಯಿತು, ಮನುಷ್ಯನ ಶ್ವಾಸಕೋಶದ ಕೋಶಗಳಲ್ಲಿ ತಡೆಯಲಿಲ್ಲ. ವೈರಸ್ ಒಳಹೋಗುವ ಬಾಗಿಲು ಅಲ್ಲೊಂದು, ಇಲ್ಲೊಂದು.

ಅವಳು ಮೊಬೈಲಿನಲ್ಲಿ ತೋರಿಸಿದ ಒಂದು ಚಿತ್ರ ನನ್ನನ್ನು ಆ ಜಗಲಿಯ ಮೇಲೆ ಎರಡು ಗಂಟೆ ಕೂರಿಸಿತು. ಆರು ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಗಳ ತಳವೆಲ್ಲ ನೇರಳೆ, ನಡುನಡುವೆ ಬಿಳಿ ಚುಕ್ಕಿಗಳು. ಇದರ ಹೆಸರು ಪ್ಲಾಕ್ ಪರೀಕ್ಷೆ. ಪ್ರಾಣಿಗಳ ವೈರಸ್ಸಿಗೆ ಇದನ್ನು 1952ರಲ್ಲಿ ರೂಪಿಸಿದವರು ರೆನಾಟೊ ಡುಲ್ಬೆಕೊ. ಗುಳಿಯ ತಳದಲ್ಲಿ ಕೋಶಗಳು ಒಂದೇ ಪದರದ ಚಾಪೆಯಂತೆ ಹಾಸಿಕೊಂಡಿರುತ್ತವೆ. ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿದ ವೈರಸ್ ದ್ರವವನ್ನು ಮೇಲೆ ಬಿಟ್ಟು, ಒಂದು ಗಂಟೆ ಕಾದು, ತೆಗೆಯಬೇಕು. ಆಮೇಲೆ ಗಂಜಿಯಂಥ ಮಂದ ದ್ರವ ಹೊಯ್ಯಬೇಕು. ಜಾಣತನವೆಲ್ಲ ಈ ಗಂಜಿಯಲ್ಲಿದೆ. ಬರೀ ನೀರಾದರೆ ವೈರಸ್ ಎಲ್ಲೆಂದರಲ್ಲಿ ತೇಲಿಹೋಗುತ್ತದೆ. ಗಂಜಿಯಲ್ಲಿ ಪಕ್ಕದ ಮನೆಗಷ್ಟೇ ಹೋಗಬಲ್ಲದು. ಹೀಗೆ ಒಂದೇ ಒಂದು ವೈರಸ್ ಸುತ್ತಲಿನ ಕೋಶಗಳನ್ನು ಕೊಂದು, ಎರಡು ಮೂರು ದಿನದಲ್ಲಿ ಚಾಪೆಯಲ್ಲಿ ದುಂಡಗಿನ ತೂತು ಮಾಡುತ್ತದೆ. ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿದರೆ ಉಳಿದ ಕೋಶಗಳು ನೇರಳೆಯಾಗಿ, ತೂತು ಬೆಳ್ಳಗೆ ಉಳಿಯುತ್ತದೆ. ಬರಿಗಣ್ಣಿಗೆ ಎಂದೂ ಕಾಣದ ವೈರಸ್ಸನ್ನು ಬೆರಳಿಟ್ಟು ಎಣಿಸಬಹುದು.

ಪರೀಕ್ಷಿಸಬೇಕಾದ ಔಷಧವನ್ನು ಈ ಗಂಜಿಯಲ್ಲಿ ಬೆರೆಸುತ್ತಾರೆ. ನೂರಿದ್ದ ಚುಕ್ಕಿ ಐವತ್ತಕ್ಕೆ ಇಳಿಯುವ ಪ್ರಮಾಣ ಎಷ್ಟು? ಅಷ್ಟೇ ಮುಖ್ಯವಾದದ್ದು, ವೈರಸ್ಸಿಲ್ಲದ ತಟ್ಟೆಯಲ್ಲಿ ಅದೇ ಔಷಧ ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಪ್ರಮಾಣ ಎಷ್ಟು? ಈ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದಿದ್ದಷ್ಟೂ ಆಸೆ. "ಬ್ಲೀಚಿಂಗ್ ಹಾಕಿದ್ರೂ ವೈರಸ್ ಸಾಯ್ತದೆ ಸರ್, ಕೋಶನೂ ಸಾಯ್ತದೆ. ಅದು ಔಷಧ ಅಲ್ಲ." ಇವಳು ಎಣಿಸುವುದು ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಚುಕ್ಕಿಗಳನ್ನು. ಹೊಸ ಔಷಧದ ಪಕ್ಕದ ಗುಳಿಯಲ್ಲಿ ಹೋಲಿಕೆಗೆ ಏಸೈಕ್ಲೋವಿರ್ ಇರುತ್ತದೆ. ಗರ್ಟ್ರೂಡ್ ಎಲಿಯನ್ ಅವರ ತಂಡದ ಈ ಔಷಧ ಸೋಂಕಿಲ್ಲದ ಕೋಶದಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ವೈರಸ್ಸಿನದೇ ಕಿಣ್ವ ಅದನ್ನು ಎಬ್ಬಿಸುತ್ತದೆ. ಎಬ್ಬಿಸಿದ ತಪ್ಪಿಗೆ ವೈರಸ್ಸಿನ ವಂಶವಾಹಿಯ ಸರಪಣಿಯೇ ತುಂಡಾಗುತ್ತದೆ. 1988ರಲ್ಲಿ ಎಲಿಯನ್ ಅವರಿಗೆ ನೊಬೆಲ್ ಬಂತು.

ತಟ್ಟೆ ದಾಟಿದ ಮೇಲೆ ಇಲಿ, ಹ್ಯಾಮ್‌ಸ್ಟರ್, ಆಮೇಲೆ ಮನುಷ್ಯರ ಮೇಲೆ ಮೂರು ಹಂತ. ಹೆಚ್ಚಿನವು ದಾರಿಯಲ್ಲೇ ಬೀಳುತ್ತವೆ. ರೆಮ್‌ಡೆಸಿವಿರ್ ಹಾಗೆ ಬಿದ್ದು ಎದ್ದದ್ದು. ಹೆಪಟೈಟಿಸ್ ಸಿ ಮತ್ತು ಉಸಿರಾಟದ ವೈರಸ್ಸುಗಳ ಸಂಶೋಧನೆಯಲ್ಲಿ ಹುಟ್ಟಿ, ಎಬೋಲಾಗೆ ಕಾಂಗೋದಲ್ಲಿ ಪರೀಕ್ಷೆಗೊಳಗಾಗಿ ಹಿಂದೆಬಿತ್ತು. 2020ರಲ್ಲಿ ಕೊರೋನಾಕ್ಕೆ ಮತ್ತೆ ಕರೆ ಬಂತು.

ಅದು ನಂಜನಗೂಡಿಗೂ ತಟ್ಟಿದ ಕತೆ. ಆ ಮಾರ್ಚ್ ಕೊನೆಯಲ್ಲಿ ಇಲ್ಲಿನ ಜುಬಿಲಂಟ್ ಔಷಧ ಘಟಕದ ನೌಕರರಲ್ಲಿ ಸೋಂಕು ಕಂಡು ಊರೇ ಬಾಗಿಲು ಹಾಕಿಕೊಂಡಿತು. ಮೇ ತಿಂಗಳಲ್ಲಿ ಅದೇ ಕಂಪನಿ ರೆಮ್‌ಡೆಸಿವಿರ್ ತಯಾರಿಸಲು ಅಮೆರಿಕದ ಗಿಲಿಯಡ್‌ನಿಂದ ಪರವಾನಗಿ ಪಡೆಯಿತು. ಆಗಸ್ಟಿನಲ್ಲಿ ಅದರ 100 ಮಿಲಿಗ್ರಾಂ ಸೀಸೆ 4,700 ರೂಪಾಯಿಗೆ ಮಾರುಕಟ್ಟೆಗೆ ಬಂತು. ಮುಂದಿನ ಏಪ್ರಿಲಿನಲ್ಲಿ ಆ ಸೀಸೆಗಾಗಿ ಜನ ರಾತ್ರಿಯೆಲ್ಲ ಅಂಗಡಿಗಳ ಮುಂದೆ ನಿಂತರು. ಅಷ್ಟರಲ್ಲಾಗಲೇ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪರೀಕ್ಷೆ, ಆಸ್ಪತ್ರೆ ಸೇರಿದವರ ಸಾವನ್ನು ಅದು ಹೆಚ್ಚೇನೂ ತಗ್ಗಿಸುವುದಿಲ್ಲ ಎಂದಿತ್ತು.

ನನ್ನನ್ನು ಕೊರೆಯುವ ಮಾತು ಬೇರೆ. ಬೇರೆಯವರು ಕಂಡುಹಿಡಿದದ್ದನ್ನು ಟನ್ನುಗಟ್ಟಲೆ ತಯಾರಿಸುವ ಕೈ ನಮ್ಮಲ್ಲಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಮಂಗನ ಕಾಯಿಲೆಗೆ ಮಾತ್ರ ಅದಕ್ಕೆಂದೇ ಒಂದು ಔಷಧ ಇಂದಿಗೂ ಇಲ್ಲ. ಮಲೆನಾಡಿನ ದರಗು ಗುಡಿಸುವ ಬಡವರಿಗೆ ಬರುವ ರೋಗಕ್ಕೆ ಯಾವ ಕಂಪನಿ ಹತ್ತು ವರ್ಷ ಚುಕ್ಕಿ ಎಣಿಸೀತು? ಎಣಿಸಬೇಕಾದದ್ದು ಸರಕಾರವೇ.

ಸಂಜೆ ಮಗಳು ಬ್ಯಾಗು ಹೆಗಲಿಗೇರಿಸಿದಳು. ನಾಳೆ ಕೋಶಗಳಿಗೆ ದ್ರವ ಬದಲಿಸಬೇಕು, ಬೇರೆಯವರನ್ನು ನಂಬುವಂತಿಲ್ಲ. ಅವ್ವ ತಟ್ಟೆಯ ಅಂಚಿಗೆ ಹರಿದುಬಂದಿದ್ದ ಹುಳುವೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಮೈ ಊದಿ ಹಳದಿಗಟ್ಟಿ ಮಿರುಗುತ್ತಿತ್ತು. ಹಾಲುತೊಂಡೆ ರೋಗ. ಅದೂ ವೈರಸ್ಸೇ; ಅದಕ್ಕೂ ಔಷಧವಿಲ್ಲ, ರೋಗ ತಗುಲಿದ ಹುಳುವನ್ನು ಆರಿಸಿ ತೆಗೆಯಬೇಕು.

"ಇದಕ್ಕೂ ಒಂದ್ ಔಸದಿ ನೋಡವ್ವ ಮಗಳೇ, ನಿಮ್ ಲ್ಯಾಬಲ್ಲಿ" ಎಂದು ಅವರು ಹುಳುವನ್ನು ಬ್ಲೀಚಿಂಗ್ ನೀರಿನ ಡಬ್ಬಿಗೆ ಹಾಕಿದರು. ಮಗಳು ಬಗ್ಗಿ ಅದೇ ತಟ್ಟೆಯಲ್ಲಿ ಇನ್ನೆಷ್ಟಿವೆಯೆಂದು ಎಣಿಸತೊಡಗಿದಳು.