ಕರಿಯ ಮೋಟಾರಿನ ಮೈಮೇಲಿನ ಸುಳಿಗೀರುಗಳು

ಪತ್ರಿಕೆಯ ಪುಟದಲ್ಲಿ ಮೋಟಾರು ಗಾಡಿ ಒರೆಸುವ ವಿಷಯವೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದು, ಇಪ್ಪತ್ತು ವರುಷ ಮೇಜು ಒರೆಸಿ, ಆಮೇಲೆ ಒರೆಸಿಸಿ, ಅದಾದ ಮೇಲೆ ಲೇಖನಿ ಹಿಡಿದವರು ನಾವು. ಒರೆಸುವ ಕೆಲಸದ ಬಗ್ಗೆ ನಾಲ್ಕು ಮಾತು ಬರೆಯುವ ಅಧಿಕಾರ ನಮಗೆ ಇದ್ದೇ ಇದೆ ಎಂದು ಭಾವಿಸಿದ್ದೆವು. ಆ ಅಹಂಕಾರವು ಈಚೆಗೆ ಹೇಗೆ ಮುರಿಯಿತೆಂಬುದನ್ನೂ, ಮುರಿದ ಸಂದರ್ಭದಲ್ಲಿ ನಾವು ಕಲಿತ ವಿದ್ಯೆಯನ್ನೂ ಇಲ್ಲಿ ನಿವೇದಿಸುತ್ತೇವೆ. ಕಪ್ಪು ಬಣ್ಣದ ಗಾಡಿಯಿಟ್ಟುಕೊಂಡಿರುವ ನಮ್ಮವರು ಈ ಊರಿನಲ್ಲಿ ಅನೇಕರಿದ್ದಾರೆ, ಅವರಿಗೆ ಉಪಯೋಗವಾದೀತು.

ಹೋಟೆಲನ್ನು ತಮ್ಮನಿಗೆ ಒಪ್ಪಿಸಿದ ವರುಷ ನಾವು ಒಂದು ಕಪ್ಪು ಗಾಡಿಯನ್ನು ಕೊಂಡೆವು. ಕಳೆದ ಚಳಿಗಾಲದಲ್ಲಿ ಬಂಧುಗಳೊಬ್ಬರ ಮಗಳ ಮದುವೆ ಮಾಟುಂಗಾದಲ್ಲಿ ನಡೆಯಿತು. ಮದುಮಗನನ್ನು ಕರೆತರಲು ನಮ್ಮ ಗಾಡಿಯೇ ಆಗಬೇಕೆಂದರು. ಹೂವಿನ ಸರ ಕಟ್ಟಿ ಮಂಟಪದ ಮುಂದೆ ನಿಲ್ಲಿಸಿದಾಗ ನಡುಹಗಲ ಬಿಸಿಲು ನೇರವಾಗಿ ಬಾನೆಟ್ಟಿನ ಮೇಲೆ ಬಿದ್ದಿತು. ಆಗ ಕಂಡದ್ದೇನು! ಸೂರ್ಯನ ಪ್ರತಿಬಿಂಬದ ಸುತ್ತ ಜೇಡನ ಬಲೆ ನೇಯ್ದಂತೆ ಸಾವಿರಾರು ಸೂಕ್ಷ್ಮ ಗೀರುಗಳು. ಕಪ್ಪು ಬಣ್ಣವು ಕಪ್ಪಾಗಿ ಉಳಿಯದೆ ಬೂದಿ ಬಳಿದಂತೆ ಮಂಕಾಗಿತ್ತು. ಬೀಗರ ಕಡೆಯ ಹಿರಿಯರೊಬ್ಬರು, "ಇದನ್ನು ತೆಂಗಿನ ನಾರಿನಲ್ಲಿ ತಿಕ್ಕಿದ್ದೀರಾ?" ಎಂದು ಕೇಳಿಯೇ ಬಿಟ್ಟರು.

ನಮ್ಮ ಕೋಪವೆಲ್ಲ ಗಾಡಿ ತೊಳೆಯುವ ಹುಡುಗನ ಮೇಲೆ ಹರಿಯಿತು. ಯಾದಗಿರಿಯ ಕಡೆಯ ಹುಡುಗ. ನಮ್ಮ ಮಾತಿನ ಮೇಲೆಯೇ ಕಟ್ಟಡದ ಸೊಸೈಟಿಯವರು ಅವನನ್ನು ಇಟ್ಟುಕೊಂಡಿದ್ದರು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಎಂಟರೊಳಗೆ ಇಪ್ಪತ್ತೆರಡು ಗಾಡಿಗಳನ್ನು ಒರೆಸುತ್ತಾನೆ. ಬಂದ ಹಣದಲ್ಲಿ ಹೆಚ್ಚಿನ ಪಾಲು ಊರಿನ ತಾಯಿಗೆ ಹೋಗುತ್ತದೆ. ಅವನನ್ನು ಕರೆಸಿ ಜಬರಿಸಿದಾಗ ಆತ ತಲೆ ತಗ್ಗಿಸಿ, "ಸಾಹೇಬ್ರ, ಒಂದ ಬಕೀಟ, ಒಂದ ಅರಬಿ. ಇಪ್ಪತ್ತೆರಡ ಗಾಡಿ. ನಾ ಏನ ಮಾಡ್ಲಿರಿ?" ಎಂದನು. ನಮಗೆ ಅದು ಉದ್ಧಟತನವಾಗಿ ಕೇಳಿಸಿತು. ಮುಂದಿನ ಭಾನುವಾರದ ಸಭೆಯಲ್ಲಿ ಅವನನ್ನು ಬಿಡಿಸುವ ವಿಷಯವನ್ನು ಎತ್ತತಕ್ಕದ್ದೆಂದು ಕಾರ್ಯದರ್ಶಿಗಳಿಗೆ ನಾವೇ ಚೀಟಿ ಬರೆದುಕೊಟ್ಟೆವು.

ಸಭೆಗೆ ಮೊದಲು ಗಾಡಿಯನ್ನು ಕುರ್ಲಾದಲ್ಲಿರುವ ಪರಿಚಿತ ಮೇಸ್ತ್ರಿಯೊಬ್ಬರ ಬಳಿಗೆ ಒಯ್ದೆವು. ಕಾರ್ಕಳದ ಕಡೆಯವರು, ನಲವತ್ತು ವರುಷಗಳಿಂದ ಮೋಟಾರುಗಳಿಗೆ ಬಣ್ಣ ಹೊಡೆಯುವುದೇ ಅವರ ಕಸುಬು. ಕಪ್ಪು ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಈ ಊರಿನ ಬೀದಿಗಳಿಂದ ನಿವೃತ್ತವಾದುದನ್ನು ವಾಚಕರು ಬಲ್ಲರು. ಅಂಥ ಗಾಡಿಗಳಿಗೆ ಎಷ್ಟು ಕರಿ ಬಳಿದಿದ್ದೇನೆಂಬ ಲೆಕ್ಕ ತಮಗೇ ಇಲ್ಲವೆಂದು ಅವರು ಹೇಳುವುದುಂಟು.

ಮೇಸ್ತ್ರಿಯವರು ಮೊದಲು ಮಾಡಿದ್ದು ಇಷ್ಟೇ: ಕೈದೀಪವೊಂದನ್ನು ಬಾನೆಟ್ಟಿನ ಮೇಲೆ ಅತ್ತಿತ್ತ ಆಡಿಸಿದರು. ದೀಪ ಹೋದಲ್ಲೆಲ್ಲ ಬಲೆಯೂ ಹೋಯಿತು. "ನೋಡಿ ಶೆಟ್ರೇ, ಗೀರು ನಿಜವಾಗಿ ದುಂಡಗಿಲ್ಲ" ಎಂದರು. ಗೀರುಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಇರುತ್ತವೆ. ಆದರೆ ಬೆಳಕಿನ ಬಿಂದುವಿನ ಸುತ್ತ ಅಡ್ಡಲಾಗಿ ಬಿದ್ದ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ. ಆದ್ದರಿಂದ ಅವು ಸುಳಿಯಂತೆ ತೋರುತ್ತವೆ. ಗ್ಯಾರೇಜಿನ ಭಾಷೆಯಲ್ಲಿ ಇವಕ್ಕೆ ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಬಿಳಿಯ ಗಾಡಿಯ ಮೇಲೂ ಇವು ಇದ್ದೇ ಇರುತ್ತವೆ. ಬಿಳಿ ಬಣ್ಣವು ತಾನೇ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುವುದರಿಂದ ಗೀರಿನ ಬೆಳಕು ಅದರಲ್ಲಿ ಮರೆಯಾಗುತ್ತದೆ. ಕಪ್ಪು ಬಣ್ಣವು ಬೆಳಕನ್ನು ನುಂಗುವುದರಿಂದ ಒಂದೊಂದು ಗೀರೂ ಹೊಳೆದು ಕಾಣುತ್ತದೆ.

ಹಳೆಯ ಗಾಡಿಗಳಲ್ಲಿ ಬಣ್ಣವೇ ಮೇಲಿನ ಪದರ. ಪಾಲಿಶ್ ಮಾಡಿದರೆ ಬಟ್ಟೆಗೆ ಕರಿ ಹತ್ತುತ್ತಿತ್ತು. ಈಗಿನ ಗಾಡಿಗಳಲ್ಲಿ ಹಾಗಲ್ಲ. ತಗಡಿನ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಎಂಬ ಗಾಜಿನಂಥ ಪದರ. ಈ ಕೊನೆಯ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಅಂದರೆ ತಲೆಗೂದಲಿನ ಒಂದು ಎಳೆಗಿಂತ ತೆಳ್ಳಗೆ. ಸುಳಿಗೀರುಗಳು ಇರುವುದು ಈ ಪದರದ ಮೇಲ್ಮೈಯಲ್ಲಿ. ಅವನ್ನು ತೆಗೆಯುವುದೆಂದರೆ ಗೀರಿನ ತಳದವರೆಗೆ ಸುತ್ತಲಿನ ಪದರವನ್ನೂ ಸಮನಾಗಿ ಸವೆಯಿಸುವುದೇ ಹೊರತು ಬೇರೆ ಮಂತ್ರವಿಲ್ಲ. ಆದಕಾರಣ ಪಾಲಿಶ್ ಎಂಬುದು ತಿಂಗಳು ತಿಂಗಳು ಮಾಡಿಸತಕ್ಕ ಉಪಚಾರವಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವ ಪದರವೂ ಇದೇ ಆದ್ದರಿಂದ, ಅತಿಯಾಗಿ ಸವೆಸಿದರೆ ಕೆಲವು ವರುಷಗಳಲ್ಲಿ ಅದು ಸಿಪ್ಪೆಯಂತೆ ಸುಲಿಯತೊಡಗುತ್ತದೆ.

ಎರಡು ದಿನ ನಾವು ಸ್ಟೂಲು ಹಾಕಿಕೊಂಡು ಕುಳಿತು ಕೆಲಸವನ್ನು ನೋಡಿದೆವು. ಅದರ ಕ್ರಮ ಹೀಗಿದೆ.

ಮೊದಲನೆಯದು ತೊಳೆಯುವಿಕೆ. ನೆರಳಿನಲ್ಲಿ, ಬಾನೆಟ್ಟು ತಣ್ಣಗಿರುವಾಗ, ಧಾರಾಳ ನೀರು ಬಿಟ್ಟು ಧೂಳನ್ನು ಇಳಿಸತಕ್ಕದ್ದು. ಆಮೇಲೆ ಎರಡು ಬಕೆಟ್ಟು: ಒಂದರಲ್ಲಿ ಗಾಡಿಯ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಪ್ರತಿ ಸಲವೂ ಬರಿಯ ನೀರಿನಲ್ಲಿ ಜಾಲಿಸಿ ಮಣ್ಣು ಬಿಟ್ಟ ಮೇಲೆಯೇ ಶಾಂಪೂವಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ ಬರಬೇಕು; ಚಕ್ರಗಳಿಗೆ ಬಟ್ಟೆಯೇ ಬೇರೆ.

ಎರಡನೆಯದು ಜೇಡಿ. ತೊಳೆದ ಗಾಡಿಯ ಮೇಲೂ ಅಂಗೈಯಾಡಿಸಿದರೆ ತರಿತರಿಯಾಗಿರುತ್ತದೆ. ರೈಲಿನ, ಕಾರಖಾನೆಯ ಕಬ್ಬಿಣದ ಪುಡಿಯೂ ಮರದ ಅಂಟೂ ಕಚ್ಚಿಕೊಂಡಿರುತ್ತವೆ. ಕ್ಲೇ ಬಾರ್ ಎಂಬ ಮೆದುವಾದ ಜೇಡಿಯ ಉಂಡೆಯನ್ನು ಜಾರುವ ದ್ರವ ಸಿಂಪಡಿಸಿ ಮೆಲ್ಲನೆ ಓಡಿಸಿದರೆ ಅದೆಲ್ಲ ಎದ್ದು ಬರುತ್ತದೆ. ಉಂಡೆ ನೆಲಕ್ಕೆ ಬಿದ್ದರೆ ಎಸೆದುಬಿಡಬೇಕು, ತೊಳೆದು ಬಳಸುವಂತಿಲ್ಲ.

ಮೂರನೆಯದು ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರನ್ನು ಎಳೆದು ನೋಡತಕ್ಕದ್ದು. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು, ಪಾಲಿಶ್‌ಗೆ ಹೋಗದು. ಸಿಕ್ಕಿಕೊಳ್ಳದಿದ್ದರೆ ಹೋಗುವ ಸಂಭವವುಂಟು. ಬಣ್ಣದ ದಪ್ಪ ಅಳೆಯುವ ಯಂತ್ರವನ್ನೂ ಮೇಸ್ತ್ರಿಯವರು ಅಲ್ಲಲ್ಲಿ ಇಟ್ಟು ನೋಡಿದರು. ಬಳಿಕ ಬಾನೆಟ್ಟಿನ ಮೇಲೆ ಎರಡಡಿ ಚೌಕವನ್ನು ಗುರುತಿಸಿಕೊಂಡು ಅಲ್ಲಿ ಮಾತ್ರ ಮೊದಲು ನಯವಾದ ಪಾಲಿಶ್ ಪ್ರಯೋಗಿಸಿದರು. ಅದಕ್ಕೆ ಬಗ್ಗದಿದ್ದಾಗ ಮಾತ್ರ ಒರಟಾದ ಕಾಂಪೌಂಡಿಗೆ ಕೈ ಹಾಕಿದರು. ಮೊದಲೇ ಒರಟಿನಿಂದ ಶುರುಮಾಡುವವನು ಕಸುಬು ಕಲಿತವನಲ್ಲವೆಂದು ಅವರ ಮತ.

ನಾಲ್ಕನೆಯದು ಯಂತ್ರ. ಒಂದೇ ಕಡೆ ಗಿರ್ರನೆ ಸುತ್ತುವ ಹಳೆಯ ಬಫಿಂಗ್ ಮೆಷಿನ್ ಬಲು ಬೇಗ ಕಾವೇರಿ ಹೊಸ ಕೈಗಳಲ್ಲಿ ಬಣ್ಣವನ್ನೇ ಸುಟ್ಟುಬಿಡುತ್ತದೆ. ಸುತ್ತುತ್ತಲೇ ಅತ್ತಿತ್ತ ಅಲುಗಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರವು ಹೊಸಬರಿಗೆ ಕ್ಷೇಮ. ಬಾಗಿಲಿನ ಅಂಚುಗಳಲ್ಲಿ, ಏಣುಗಳಲ್ಲಿ ಬಣ್ಣ ತೆಳ್ಳಗಿರುವುದರಿಂದ ಅಲ್ಲಿಗೆ ಟೇಪು ಅಂಟಿಸುತ್ತಾರೆ. ಯಂತ್ರವನ್ನು ನಿಧಾನವಾಗಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಓಡಿಸುತ್ತಾರೆ. ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮತ್ತೆ ದೀಪ ಹಿಡಿಯುತ್ತಾರೆ. ಈ ಒರೆಸುವಿಕೆ ಅವಶ್ಯವೆಂಬುದನ್ನು ವಾಚಕರು ಗಮನಿಸತಕ್ಕದ್ದು. ಯಾಕೆಂದರೆ ಪಾಲಿಶಿನಲ್ಲಿರುವ ಎಣ್ಣೆ ಗೀರುಗಳಲ್ಲಿ ತುಂಬಿಕೊಂಡು ಅವು ಹೋದವೆಂಬ ಭ್ರಮೆ ಹುಟ್ಟಿಸುತ್ತದೆ. ಗಾಡಿ ಮನೆಗೆ ಬಂದು ಎರಡು ಸಲ ತೊಳೆದ ಮೇಲೆ ಗೀರುಗಳು ಮರಳಿ ಬಂದವೆಂದು ದೂರುವವರು ಹೆಚ್ಚಾಗಿ ಮೋಸಹೋದದ್ದು ಇಲ್ಲಿಯೇ. ಕೊಬ್ಬರಿ ಎಣ್ಣೆ ಹಚ್ಚುವ ಮನೆವೈದ್ಯದ ಗುಟ್ಟೂ ಇಷ್ಟೇ. ಮೇಲಾಗಿ ಅದು ಧೂಳನ್ನು ಕರೆದು ಕೂರಿಸುತ್ತದೆ.

ಐದನೆಯದು ರಕ್ಷೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣವನ್ನು ತೆಳ್ಳಗೆ ಹಚ್ಚಿ ಒರೆಸಿದರೆ ಕಪ್ಪು ಬಣ್ಣಕ್ಕೆ ಆಳವಾದ ಹೊಳಪು ಬರುತ್ತದೆ. ಆದರೆ ನಮ್ಮ ಬಿಸಿಲಿಗೂ ಮಳೆಗೂ ಅದು ಹೆಚ್ಚು ಕಾಲ ನಿಲ್ಲದು. ಸಿರಾಮಿಕ್ ಲೇಪನವು ವರುಷಗಟ್ಟಲೆ ಬಾಳುತ್ತದೆ. ಆದರೆ ಗೀರು ತೆಗೆಯದೆ ಅದನ್ನು ಬಳಿಸಿದರೆ ಗೀರಿನ ಮೇಲೆ ಗಾಜು ಹಾಕಿಸಿದಂತೆ.

ಎರಡನೆಯ ದಿನದ ಸಂಜೆ ನಮ್ಮ ಗಾಡಿಯ ಬಾನೆಟ್ಟಿನಲ್ಲಿ ಗ್ಯಾರೇಜಿನ ಮಾಡಿನ ಮೊಳೆಗಳನ್ನು ಎಣಿಸಬಹುದಾಗಿತ್ತು. ಸಂತೋಷದಿಂದ ಹಣ ಕೊಡಲು ಹೋದಾಗ ಮೇಸ್ತ್ರಿಯವರು, "ಇದನ್ನು ದಿನಾ ಯಾವುದರಲ್ಲಿ ಒರೆಸುತ್ತೀರಿ?" ಎಂದು ಕೇಳಿದರು. ಡಿಕ್ಕಿಯಲ್ಲಿದ್ದ ಬಟ್ಟೆಯನ್ನು ತೆಗೆದು ತೋರಿಸಿದೆವು. ಅದು ನಮ್ಮದೇ ಹಳೆಯ ಬನಿಯನು. ಅವರು ಅದನ್ನು ಕಪ್ಪು ತಗಡಿನ ತುಂಡೊಂದರ ಮೇಲೆ ಕೊಡವಿದರು. ಸಣ್ಣ ಮರಳು ಉದುರಿತು. ಮರಳಿನಲ್ಲಿರುವ ಬೆಣಚುಕಲ್ಲಿನ ಕಣವು ಉಕ್ಕಿಗಿಂತಲೂ ಗಟ್ಟಿ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಅದು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ. ಇಪ್ಪತ್ತೊಂದು ಗಾಡಿಗಳ ಮಣ್ಣು ಕಲಸಿದ ಬಕೆಟ್ಟಿನಲ್ಲಿ ಆ ಬಟ್ಟೆಯನ್ನು ಅದ್ದಿದರಂತೂ ಹೇಳುವುದೇ ಬೇಡ. "ಹುಡುಗನಿಗೆ ಇದನ್ನು ಕೊಟ್ಟದ್ದು ಯಾರು?" ಎಂದು ಅವರು ಕೇಳಿದಾಗ ನಾವು ಉತ್ತರಿಸಲಿಲ್ಲ.

ಹೋಟೆಲಿನಲ್ಲಿದ್ದಾಗ ನಾವು ಒಂದು ನಿಯಮವನ್ನು ಬಲು ಕಟ್ಟುನಿಟ್ಟಾಗಿ ನಡೆಸುತ್ತಿದ್ದೆವು. ಮೇಜಿನ ಬಟ್ಟೆ ನೆಲಕ್ಕೆ ತಾಗಬಾರದು. ಬಟ್ಟೆಯನ್ನು ಹೊತ್ತು ಹೊತ್ತಿಗೆ ಬದಲಿಸಬೇಕು. ಬದಲಿಸಲು ಬೇಕಾದಷ್ಟು ಬಟ್ಟೆಗಳನ್ನು ಯಜಮಾನನು ಗಲ್ಲಾದ ಪಕ್ಕದಲ್ಲಿ ಇಟ್ಟಿರಬೇಕು. ಬಟ್ಟೆ ಕೊಡದೆ ಕೊಳೆಗಾಗಿ ಹುಡುಗರನ್ನು ಬಯ್ಯುವ ಯಜಮಾನರನ್ನು ನಾವು ಹಗುರವಾಗಿ ಕಾಣುತ್ತಿದ್ದೆವು. ಆ ಯಾದಗಿರಿಯ ಹುಡುಗನು ತಲೆ ತಗ್ಗಿಸಿ ಹೇಳಿದ್ದೂ ಇದನ್ನೇ ಅಲ್ಲವೆ?

ಭಾನುವಾರದ ಸಭೆಯಲ್ಲಿ ನಾವು ಎದ್ದು ನಿಂತು ನಮ್ಮ ಚೀಟಿಯನ್ನು ಹಿಂದಕ್ಕೆ ಪಡೆದೆವು. ತಪ್ಪು ನಮ್ಮದೆಂಬುದನ್ನು ಅವನ ಎದುರಿಗೇ ಹೇಳಿದೆವು. ಬಳಿಕ ಮೂರು ಸಲಹೆಗಳನ್ನು ಇಟ್ಟೆವು. ದಿನಾ ಒಣಗಿದ್ದನ್ನು ಒರೆಸುವ ಬದಲು ವಾರಕ್ಕೆ ಎರಡು ಸಲ ಸರಿಯಾಗಿ ತೊಳೆಯುವುದು. ಪ್ರತಿಯೊಬ್ಬರೂ ತಂತಮ್ಮ ಗಾಡಿಗೆ ಮೂರು ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆಯಾಗಿ ಇಡುವುದು. ಸೊಸೈಟಿಯ ಖರ್ಚಿನಲ್ಲಿ ಬಕೆಟ್ಟುಗಳನ್ನೂ ಉದ್ದನೆಯ ಪೈಪನ್ನೂ ಕೊಡಿಸುವುದು. ಬೋರಿನ ನೀರು ಗಾಡಿಯ ಮೇಲೆಯೇ ಒಣಗಿದರೆ ಸುಣ್ಣದ ಬಿಳಿ ಕಲೆ ಕಚ್ಚುವುದರಿಂದ ಕೂಡಲೇ ಹೀರಿಸಿ ಒರೆಸಬೇಕೆಂದೂ ತಿಳಿಸಿದೆವು. ದಿನಾ ಒರೆಸದಿದ್ದರೆ ಸಂಬಳವೇಕೆ ಅಷ್ಟೇ ಇರಬೇಕೆಂದು ಒಬ್ಬರು ತಕರಾರು ತೆಗೆದರು. ಮೊದಲಿಗಿಂತ ಹೆಚ್ಚು ಕೆಲಸವೆಂಬುದನ್ನು ಅವರಿಗೆ ತಿಳಿಯಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಕಡೆಗೆ ಹದಿನಾಲ್ಕು ಮಂದಿ ಒಪ್ಪಿದರು. ಉಳಿದ ಎಂಟು ಗಾಡಿಗಳು ಇಂದಿಗೂ ಹಳೆಯ ರೀತಿಯಲ್ಲಿಯೇ ನಡೆಯುತ್ತಿವೆ. ಹುಡುಗನು ಕೆಲಸದಲ್ಲಿದ್ದಾನೆ.

ನಮ್ಮ ಗಾಡಿಯ ಬಲಬಾಗಿಲಿನ ಹಿಡಿಯ ಹತ್ತಿರ ಒಂದು ಗೀರು ಮಾತ್ರ ಉಳಿದಿದೆ. ಉಗುರಿಗೆ ಸಿಕ್ಕುವಷ್ಟು ಆಳ. ಅದರ ತಂಟೆಗೆ ಹೋಗಬೇಡಿರೆಂದು ಮೇಸ್ತ್ರಿಯವರು ಹೇಳಿದರು. ಅದು ಹುಡುಗನ ಬಟ್ಟೆಯಿಂದ ಆದುದಲ್ಲ. ದಿನಾ ಬಾಗಿಲು ತೆರೆಯುವಾಗ ನಮ್ಮ ಬೆರಳಿನ ಉಂಗುರ ತಾಗುವ ಜಾಗವದು.