ಮಾತಾಡುವ ಗೊಂಬೆ, ಕಾಣದ ಕಂಪ್ಯೂಟರ್

ಪರದೆಯೂ ಕೀಲಿಮಣೆಯೂ ಇದ್ದರೆ ಅದು ಕಂಪ್ಯೂಟರ್. ಐದಾರು ವರ್ಷದ ಬಹಳಷ್ಟು ಮಕ್ಕಳ ಲೆಕ್ಕ ಇಷ್ಟೇ. ವಾಷಿಂಗ್ ಮಷಿನ್ನಿನೊಳಗೆ, ಮಾತಾಡುವ ಗೊಂಬೆಯ ಹೊಟ್ಟೆಯೊಳಗೆ ಪುಟ್ಟ ಕಂಪ್ಯೂಟರ್ ಇದೆಯೆಂದರೆ ಅವರಿಗೆ ನಂಬುವುದು ಕಷ್ಟ. ಇಂಟರ್‌ನೆಟ್ ಎಂದರೆ ವಿಡಿಯೊ ನೋಡುವುದು, ಆಟ ಆಡುವುದು. ಅದು ದೂರದೂರದ ಯಂತ್ರಗಳನ್ನು ಬೆಸೆದಿರುವ ಜಾಲ ಎಂಬ ತಿಳಿವಳಿಕೆ ಮೂಡಲು ಇನ್ನೂ ಕೆಲವು ವರ್ಷ ಬೇಕು.

ಇದು ದಡ್ಡತನವಲ್ಲ. ಕಣ್ಣಿಗೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದು ಮಕ್ಕಳು ಲೋಕವನ್ನು ಅರಿಯುವ ಬಗೆ. ಚಲಿಸುವ ಸೂರ್ಯನಿಗೂ ಸೈಕಲ್ಲಿಗೂ ಜೀವವಿದೆ ಎಂದು ಚಿಕ್ಕ ಮಕ್ಕಳು ಹೇಳುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1920ರ ದಶಕದಲ್ಲೇ ದಾಖಲಿಸಿದ್ದರು. ಕಂಪ್ಯೂಟರ್ ಆಟಿಕೆಗಳು ಬಂದ ಮೇಲೆ, ಚಲಿಸಿದರೆ ಜೀವವಿದೆ ಎಂಬ ಈ ಅಳತೆಗೋಲೇ ಬದಲಾಯಿತು. ಅಮೆರಿಕದ ಶೆರಿ ಟರ್ಕಲ್ 1984ರ ‘ದಿ ಸೆಕೆಂಡ್ ಸೆಲ್ಫ್’ ಪುಸ್ತಕದಲ್ಲಿ, ಮರ್ಲಿನ್ ಎಂಬ ಎಲೆಕ್ಟ್ರಾನಿಕ್ ಆಟಿಕೆ ಮೋಸ ಮಾಡುತ್ತದೆಯೇ ಎಂದು ವಾದಿಸುವ ಮಕ್ಕಳನ್ನು ಚಿತ್ರಿಸಿದ್ದಾರೆ. ಆಟಿಕೆ ಅಲುಗಾಡುತ್ತದೆಯೇ ಎಂಬುದು ಆ ಮಕ್ಕಳಿಗೆ ಮುಖ್ಯವಾಗಿರಲಿಲ್ಲ. ಅದಕ್ಕೆ ಗೊತ್ತಾಗುತ್ತದೆಯೇ, ಬೇಕೆಂದೇ ಹಾಗೆ ಮಾಡುತ್ತದೆಯೇ ಎಂಬುದೇ ಪ್ರಶ್ನೆ.

ಇಂದಿನ ಧ್ವನಿ ಸಹಾಯಕಗಳು ಈ ಗೊಂದಲವನ್ನು ಇನ್ನಷ್ಟು ಬೆಳೆಸಿವೆ. ಕರೆದರೆ ಓಗೊಡುವ ಸ್ಪೀಕರನ್ನು ಮಗು ಸುಲಭವಾಗಿ ಸ್ನೇಹಿತನ ಸಾಲಿಗೆ ಸೇರಿಸಿಬಿಡುತ್ತದೆ, ನಿನ್ನ ವಯಸ್ಸೆಷ್ಟು ಎಂದು ವಿಚಾರಿಸುತ್ತದೆ. ತಾನಾಡಿದ ಮಾತು ಇಂಟರ್‌ನೆಟ್ ಮೂಲಕ ದೂರದ ಸರ್ವರಿಗೆ ಹೋಗಿ, ಉತ್ತರ ಅಲ್ಲಿಂದ ಬರುತ್ತದೆ ಎಂಬುದು ಅದಕ್ಕೆ ತೋಚುವುದಿಲ್ಲ. ಆತಂಕದ ವಿಷಯ ಇದೇ. ‘ಮೈ ಫ್ರೆಂಡ್ ಕೇಲಾ’ ಎಂಬ ಗೊಂಬೆಯ ಬ್ಲೂಟೂತ್‌ಗೆ ಭದ್ರತೆಯೇ ಇರಲಿಲ್ಲ. ಹತ್ತಿರವಿದ್ದ ಅಪರಿಚಿತರೂ ಅದರ ಮೂಲಕ ಮಗುವಿನ ಮಾತು ಕೇಳಬಹುದಿತ್ತು. 2017ರಲ್ಲಿ ಜರ್ಮನಿ ಅದನ್ನು ಮರೆಯಲ್ಲಿ ಕದ್ದಾಲಿಸುವ ಸಾಧನವೆಂದು ಪರಿಗಣಿಸಿ ನಿಷೇಧಿಸಿತು. ಮಗುವಿನ ಪಾಲಿಗೆ ಮಾತ್ರ ಅದು ಗುಟ್ಟು ಹೇಳಿಕೊಳ್ಳುವ ಗೆಳತಿ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಆದರೆ ಒಪ್ಪಿಗೆ ಕೊಡುವ ಅಪ್ಪ ಅಮ್ಮನಿಗೇ ಆ ವಸ್ತು ಏನು ಮಾಡುತ್ತದೆಂದು ತಿಳಿಯದಿದ್ದರೆ ಕಾನೂನಿನ ಬಲ ಅರ್ಧವಾಗುತ್ತದೆ.

ಮಗುವಿಗೆ ತಿಳಿಹೇಳಲು ದೊಡ್ಡ ಪಾಠವೇನೂ ಬೇಕಿಲ್ಲ. ಮನೆಯ ವೈಫೈ ಆಫ್ ಮಾಡಿ ಸ್ಪೀಕರನ್ನು ಕೂಗಲು ಹೇಳಿ. ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮತ್ತೆ ಆನ್ ಮಾಡಿದರೆ ಸಿಗುತ್ತದೆ. ಉತ್ತರ ಎಲ್ಲಿಂದ ಬಂತು ಎಂದು ಮಗು ಕೇಳಿದಾಗ, ನಿಜವನ್ನೇ ಹೇಳಿ.